ಒಟ್ಟಿ ಒಂದು ಕಡಿಮೆ, ಕರಿ ಒಂದು ಸೌಟು ಜಾಸ್ತಿ: ಮುಟ್ಟು ನಿಲ್ಲುವ ಕಾಲಕ್ಕೆ ಕೊಡಗಿನ ಊಟ

ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಏನು ತಿನ್ನಬೇಕು ಎಂದು ಮೊಬೈಲಿನಲ್ಲಿ ಹುಡುಕಿದರೆ ಕೀನ್ವಾ, ಚಿಯಾ, ಆಲಿವ್ ಎಣ್ಣೆ ಎಂದು ಉದ್ದದ ಪಟ್ಟಿ ಬರುತ್ತದೆ. ನಾಪೋಕ್ಲಿನಲ್ಲಿ ಕೀನ್ವಾ ಹುಡುಕಿಕೊಂಡು ಹೋಗುವವರು ಯಾರು? ಸಿಕ್ಕರೂ ಪಂದಿ ಕರಿ (ಹಂದಿ ಮಾಂಸದ ಸಾರು) ಜತೆ ಅದು ಸೇರುತ್ತದಾ? ನಮ್ಮ ಅಡುಗೆಮನೆಯನ್ನೇ ಬದಲಿಸುವ ಅಗತ್ಯ ಇಲ್ಲ. ತಟ್ಟೆಯಲ್ಲಿ ಯಾವುದು ಎಷ್ಟು ಎನ್ನುವುದನ್ನು ಬದಲಿಸಿದರೆ ಸಾಕು. ಕೊಡಗಿನ ಹೆಚ್ಚಿನ ಮನೆಗಳಲ್ಲಿ ಅಕ್ಕಿ ಜಾಸ್ತಿ, ಕಾಫಿ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಮಳೆಗಾಲ ಬಂದರೆ ಬಿಸಿಲೂ ಕಡಿಮೆ. ನಲವತ್ತೈದರ ಆಸುಪಾಸಿನಲ್ಲಿ ಗಮನ ಕೊಡಬೇಕಾದ್ದು ಮುಖ್ಯವಾಗಿ ಈ ನಾಲ್ಕಕ್ಕೆ.

ಮೊದಲು ಒಳಗೆ ಏನಾಗುತ್ತಿದೆ ಎಂದು ಚುಟುಕಾಗಿ ನೋಡೋಣ. ಸತತ 12 ತಿಂಗಳು ಮುಟ್ಟಾಗದಿದ್ದರೆ ಅದು ನಿಂತಿದೆ ಎಂದು ಲೆಕ್ಕ. ಭಾರತದ ಹೆಂಗಸರಲ್ಲಿ ಇದು ಸರಾಸರಿ 46-47ನೇ ವಯಸ್ಸಿಗೆ ಆಗುತ್ತದೆ. ಅದಕ್ಕೂ ಕೆಲವು ವರ್ಷ ಮುಂಚೆಯೇ ಏರುಪೇರು ಶುರು. ಒಂದು ತಿಂಗಳು ಬಂದೇ ಇಲ್ಲ, ಮುಂದಿನ ತಿಂಗಳು ಸುರಿಯುತ್ತದೆ. ಈಸ್ಟ್ರೋಜನ್ ಹಾರ್ಮೋನು ಕುಸಿದಂತೆ ಮೂಳೆ ಬೇಗ ಸವೆಯುತ್ತದೆ, ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲಂತೂ ಇನ್ನೂ ಬೇಗ. ಸೊಂಟದಲ್ಲಿದ್ದ ಕೊಬ್ಬು ಹೊಟ್ಟೆಗೆ ಬರುತ್ತದೆ. ಕೆಟ್ಟ ಕೊಲೆಸ್ಟರಾಲ್ ಏರುತ್ತದೆ. ಮೈಯ ಸ್ನಾಯು ಕರಗುತ್ತದೆ. ಇದೆಲ್ಲ ಸದ್ದಿಲ್ಲದೆ ನಡೆಯುವ ಕೆಲಸ. ನಮಗೆ ಗೊತ್ತಾಗುವುದು ಮೈಗೆ ದಿಢೀರ್ ಬೆಂಕಿ ಹತ್ತಿದಂತಾಗುವುದು, ರಾತ್ರಿ ಬೆವರು, ನಿದ್ದೆ ಇಲ್ಲದ್ದು, ಸುಮ್ಸುಮ್ನೆ ಸಿಟ್ಟು. 40 ವರ್ಷಕ್ಕೆ ಮುಂಚೆಯೇ ಮುಟ್ಟು ನಿಂತರೆ ಊಟದ ಮಾತು ಆಮೇಲೆ, ಮೊದಲು ಸ್ತ್ರೀರೋಗ ತಜ್ಞರನ್ನು ಕಾಣಿ.

ಹೆಜ್ಜೆ 1: ಮೂರು ದಿನ ತಿಂದದ್ದನ್ನು ಬರೆಯಿರಿ

ಕ್ಯಾಲೆಂಡರಿನ ಹಿಂಬದಿಯಾದರೂ ಆಗುತ್ತದೆ. ಒಟ್ಟಿ (ಅಕ್ಕಿ ರೊಟ್ಟಿ) ಎಷ್ಟು, ಕಡಂಬುಟ್ಟು (ಅಕ್ಕಿ ಕಡುಬು) ಎಷ್ಟು, ಕಾಫಿ ಎಷ್ಟು ಲೋಟ, ಸಕ್ಕರೆ ಎಷ್ಟು ಚಮಚ, ಹಾಲು ಮೊಸರು ಇತ್ತೇ ಇಲ್ಲವೇ, ಎಲ್ಲ ಬರೆಯಿರಿ. ಮನೆಯವರಿಗೆಲ್ಲ ಬಡಿಸಿ ಕೊನೆಗೆ ಕೂತಾಗ ನಿಮ್ಮ ಪಾಲಿಗೆ ಕರಿಯಲ್ಲಿ ತುಂಡು ಉಳಿದಿತ್ತೇ, ಬರೀ ಗಸಿಯೇ ಎಂಬುದನ್ನೂ ಬರೆಯಿರಿ. ಹೆಂಗಸರ ಊಟದ ದೊಡ್ಡ ತೊಂದರೆ ಅಲ್ಲೇ ಇರುತ್ತದೆ. ಅದಕ್ಕೆ ಯಾವ ಪಟ್ಟಿಯೂ ಬೇಡ. ನಿಮ್ಮ ಪಾಲನ್ನು ಮೊದಲೇ ತೆಗೆದಿಡಿ, ಅಷ್ಟೇ.

ಹೆಜ್ಜೆ 2: ಅಕ್ಕಿಯ ಪಾಲು ಇಳಿಸಿ

ಬೆಳಿಗ್ಗೆ ಅಕ್ಕಿ ಒಟ್ಟಿ, ಇಲ್ಲವೇ ಪಾಪುಟ್ಟು. ಮಧ್ಯಾಹ್ನ ಅನ್ನ. ರಾತ್ರಿ ಕಡಂಬುಟ್ಟು ಅಥವಾ ನೂಲ್‌ಪುಟ್ಟು. ಹೆಸರು ಬೇರೆ ಬೇರೆ, ಒಳಗೆ ಅಕ್ಕಿಯೇ. ಗದ್ದೆಯಲ್ಲಿ ನಾಟಿ ಮಾಡಿ, ದಿನಕ್ಕೆ ನಾಲ್ಕು ಸಲ ಗುಡ್ಡ ಹತ್ತಿ ಇಳಿದವರಿಗೆ ಅದು ಸರಿಯಾಗಿತ್ತು. ಈಗ ಸ್ಕೂಟರ್ ಇದೆ, ಗದ್ದೆ ಎಷ್ಟೋ ಕಡೆ ಪಾಳು ಬಿದ್ದಿದೆ. ಊಟ ಮಾತ್ರ ಅಷ್ಟೇ ಉಳಿದಿದೆ.

ಅಕ್ಕಿ ಬಿಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೂ ಯಾರೂ ಬಿಡುವುದಿಲ್ಲ. ಮೂರು ಒಟ್ಟಿ ತಿನ್ನುವವರು ಎರಡಕ್ಕೆ ಇಳಿಯಿರಿ, ಬಿಟ್ಟ ಒಟ್ಟಿಯ ಜಾಗಕ್ಕೆ ಕರಿಯನ್ನೋ ಪಲ್ಯವನ್ನೋ ಒಂದು ಸೌಟು ಜಾಸ್ತಿ ಹಾಕಿಕೊಳ್ಳಿ. ತಟ್ಟೆಯ ಅರ್ಧ ತರಕಾರಿ ಸೊಪ್ಪು, ಕಾಲು ಭಾಗ ಅಕ್ಕಿಯದ್ದು, ಇನ್ನು ಕಾಲು ಭಾಗ ಮಾಂಸ, ಮೊಟ್ಟೆ, ಕಾಳು. ಗೆಣಸು, ಹಲಸಿನ ಬೀಜ, ಬಾಳೆಕಾಯಿ ಇವೂ ಹಿಟ್ಟಿನ ಪದಾರ್ಥಗಳೇ. ಅವನ್ನು ತಿಂದ ದಿನ ಅನ್ನ ಇನ್ನಷ್ಟು ಕಡಿಮೆ ಮಾಡಿ.

ಒಟ್ಟಿಗೆ ಬೆಂದ ಅನ್ನದ ಜತೆ ಅಕ್ಕಿ ಹಿಟ್ಟು ಕಲಸುತ್ತೀರಲ್ಲ, ಆ ಹಿಟ್ಟಿನಲ್ಲಿ ಮೂರನೇ ಒಂದು ಭಾಗ ರಾಗಿ ಹಿಟ್ಟು ಹಾಕಿ ನೋಡಿ. ಬಣ್ಣ ಕಪ್ಪಾಗುತ್ತದೆ, ಮನೆಯಲ್ಲಿ ಒಬ್ಬರಾದರೂ ಮೂತಿ ತಿರುಗಿಸುತ್ತಾರೆ. ಅವರಿಗೆ ಬಿಳಿ ಒಟ್ಟಿ ಮಾಡಿಕೊಡಿ, ನಿಮ್ಮದನ್ನು ಬಿಡಬೇಡಿ. ಕುಶಾಲನಗರ, ಸೋಮವಾರಪೇಟೆ ಕಡೆಯವರಿಗೆ ರಾಗಿ ಹೊಸದೇನಲ್ಲ. ದಕ್ಷಿಣ ಕೊಡಗಿನಲ್ಲೇ ಅದಕ್ಕೆ ಇನ್ನೂ ಸ್ವಲ್ಪ ಬಿಗುಮಾನ.

ಹೆಜ್ಜೆ 3: ಕ್ಯಾಲ್ಸಿಯಂ ಲೆಕ್ಕ ಹಾಕಿ

ನಿಧಾನವಾಗಿ ಓದಬೇಕಾದ ಭಾಗ ಇದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಪ್ರಕಾರ ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಅದಕ್ಕೆ ಮುಂಚೆ 1000 ಸಾಕು. ನಮ್ಮ ಊಟದಲ್ಲಿ ಹಾಲು ಮೊಸರಿಗೆ ಜಾಗ ಕಡಿಮೆ. ಪಂದಿ, ಕೋಳಿ ಎಷ್ಟು ತಿಂದರೂ ಅದರಲ್ಲಿ ಕ್ಯಾಲ್ಸಿಯಂ ಇಲ್ಲವೆಂದೇ ಹೇಳಬೇಕು. ಅಕ್ಕಿಯಲ್ಲಂತೂ ಕೇಳುವುದೇ ಬೇಡ.

ಎಲ್ಲಿಂದ ತರುವುದು? ಒಂದು ಲೋಟ ಹಾಲಿನಲ್ಲಿ, ಅಂದರೆ 200 ಮಿಲಿಲೀಟರ್‌ನಲ್ಲಿ ಸುಮಾರು 240 ಮಿಲಿಗ್ರಾಂ. ಒಂದು ಬಟ್ಟಲು ಮೊಸರಿನಲ್ಲಿ ಸುಮಾರು 200. ರಾಗಿ ಹಿಟ್ಟು 50 ಗ್ರಾಂ ಬಳಸಿದರೆ ಸುಮಾರು 180. ಎಳ್ಳು 10 ಗ್ರಾಂಗೆ 120ಕ್ಕೂ ಮೇಲೆ. ನುಗ್ಗೆ ಸೊಪ್ಪು 50 ಗ್ರಾಂಗೆ ಸುಮಾರು 150. ಇಷ್ಟನ್ನೂ ಒಂದೇ ದಿನ ತಿಂದರೆ 900ರ ಹತ್ತಿರ ಬರುತ್ತದೆ. ಇನ್ನೊಂದು ಲೋಟ ಹಾಲು, ಕಾಳು, ಉಳಿದ ತರಕಾರಿ ಸೇರಿದರೆ ಗುರಿ ಮುಟ್ಟಿದಂತೆ. ಕಾಫಿಗೆ ಬಿದ್ದ ನಾಲ್ಕು ಚಮಚ ಹಾಲನ್ನು ಲೆಕ್ಕಕ್ಕೆ ಸೇರಿಸಬೇಡಿ.

ಎಳ್ಳು ಪಜ್ಜಿ (ಚಟ್ನಿ) ನಮ್ಮಲ್ಲಿ ಇದ್ದೇ ಇದೆ ಅಲ್ವಾ? ಒಟ್ಟಿಗೆ ಅದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಎಳ್ಳನ್ನು ಹುರಿದು ನುಣ್ಣಗೆ ಅರೆಯಿರಿ. ಇಡೀ ಎಳ್ಳು ಅಗಿಯದೆ ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ. ಪುತ್ತರಿ ಹಬ್ಬದ ತಂಬಿಟ್ಟಿಗೆ ಎಳ್ಳು ಹಾಕುವವರು ಆ ದಿನಕ್ಕಷ್ಟೇ ನಿಲ್ಲಿಸಬೇಡಿ. ವಾರಕ್ಕೆ ಮೂರು ನಾಲ್ಕು ಸಲ ಪಜ್ಜಿ ಮಾಡಿ.

ಮೀನು ತಿನ್ನುವವರಿಗೆ ಮತ್ತಿ ಮೀನು (ಬೂತಾಯಿ) ದೊಡ್ಡ ವರ. ಅಗ್ಗ, ಎಲ್ಲ ಕಡೆ ಸಿಗುತ್ತದೆ. ಕ್ಯಾಲ್ಸಿಯಂ ಇರುವುದು ಮುಳ್ಳಿನಲ್ಲಿ. ಹಾಗಾಗಿ ಕುಕ್ಕರಿನಲ್ಲಿ ಕಾಚಂಪುಳಿ (ನಮ್ಮ ಕಪ್ಪು ಹುಳಿ) ಹಾಕಿ ಚೆನ್ನಾಗಿ ಬೇಯಿಸಿದರೆ ಮುಳ್ಳು ಮೆತ್ತಗಾಗುತ್ತದೆ, ಅಗಿದು ತಿನ್ನಬಹುದು. ಗದ್ದೆಯ ಕೊಯ್ಲೆ ಮೀನು ಸಿಕ್ಕಿದರೆ ಇನ್ನೂ ಚೆನ್ನ, ಅದನ್ನು ಮುಳ್ಳು ಸಮೇತವೇ ತಿನ್ನುವುದು. ಒಣಮೀನಿನಲ್ಲೂ ಕ್ಯಾಲ್ಸಿಯಂ ಬೇಕಾದಷ್ಟಿದೆ, ಆದರೆ ಉಪ್ಪೂ ಅಷ್ಟೇ ಇದೆ. ಬಿಸಿನೀರಿನಲ್ಲಿ ಎರಡು ಸಲ ನೆನೆಸಿ, ನೀರು ಚೆಲ್ಲಿ ಬಳಸಿ. ಬಿಪಿ ಇದ್ದವರು ಒಣಮೀನನ್ನು ಅಪರೂಪಕ್ಕೆ ಇಟ್ಟುಕೊಳ್ಳುವುದೇ ವಾಸಿ.

ಕೆಂಬು, ಅಂದರೆ ಕೆಸುವಿನ ಸೊಪ್ಪಿನ ಬಗ್ಗೆ ಒಂದು ಮಾತು. ಪುಸ್ತಕದಲ್ಲಿ ಅದಕ್ಕೆ ಕ್ಯಾಲ್ಸಿಯಂ ಚೆನ್ನಾಗಿಯೇ ಬರೆದಿರುತ್ತದೆ. ಆದರೆ ಅದರಲ್ಲಿ ಆಕ್ಸಲೇಟ್ ಇದೆ. ನಾಲಗೆ ತುರಿಸುವುದು ಅದರಿಂದಲೇ. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ಮೈಗೆ ಸೇರಲು ಬಿಡುವುದಿಲ್ಲ. ಮಳೆಗಾಲದಲ್ಲಿ ಕೆಂಬು ಕರಿ ಖಂಡಿತ ಮಾಡಿ, ಚೆನ್ನಾಗಿ ಬೇಯಿಸಿ, ಹುಳಿ ಹಾಕಿ. ನಾರಿಗೆ, ರುಚಿಗೆ ಅದು ಒಳ್ಳೆಯದು. ಕ್ಯಾಲ್ಸಿಯಂಗೆ ಅದನ್ನೇ ನಂಬಬೇಡಿ. ಮೂತ್ರಪಿಂಡದಲ್ಲಿ ಕಲ್ಲು ಆದವರು ವೈದ್ಯರನ್ನು ಕೇಳಿಯೇ ತಿನ್ನಿ.

ಮಳೆಗೆ ಮೊಸರು ಶೀತ ಎಂದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೊಸರಿನ ಪಾತ್ರೆಯನ್ನೇ ಮುಟ್ಟದ ಮನೆಗಳಿವೆ. ಮೊಸರಿನಿಂದ ನೆಗಡಿ ಬರುವುದಿಲ್ಲ, ವೈರಸ್‌ನಿಂದ ಬರುತ್ತದೆ. ಮನಸ್ಸು ಒಪ್ಪದಿದ್ದರೆ ಮಜ್ಜಿಗೆ ಹುಳಿ ಮಾಡಿ, ಇಲ್ಲವೇ ರಾತ್ರಿ ಬಿಸಿ ಹಾಲಿಗೆ ಚಿಟಿಕೆ ಅರಿಶಿನ ಹಾಕಿ ಕುಡಿಯಿರಿ. ನಾಲ್ಕು ತಿಂಗಳು ಬಿಡುವುದು ಮಾತ್ರ ಬೇಡ.

ಹೆಜ್ಜೆ 4: ಬಿಸಿಲು ಸಿಕ್ಕಾಗ ಹೊರಗೆ ಬನ್ನಿ

ಕ್ಯಾಲ್ಸಿಯಂ ಮೈಗೆ ಸೇರಬೇಕಾದರೆ ವಿಟಮಿನ್ ಡಿ ಬೇಕು. ಅದು ಊಟದಿಂದ ಬರುವುದು ಸ್ವಲ್ಪ, ಬಿಸಿಲಿನಿಂದಲೇ ಜಾಸ್ತಿ. ಭಾಗಮಂಡಲ, ಮಡಿಕೇರಿ ಕಡೆ ಮಳೆಗಾಲದಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಬಿಸಿಲಿದ್ದಾಗಲೂ ತೋಟದ ನೆರಳಿನಲ್ಲಿ ಕೆಲಸ, ಮೇಲೆ ತುಂಬು ತೋಳಿನ ಅಂಗಿ, ತಲೆಗೆ ಬಟ್ಟೆ. ಇಡೀ ದಿನ ಹೊರಗಿದ್ದರೂ ಮೈಗೆ ಬಿಸಿಲು ತಾಗಿರುವುದಿಲ್ಲ.

ಅಕ್ಟೋಬರ್‌ನಿಂದ ಮೇವರೆಗೆ, ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರೊಳಗೆ, ಕಾಫಿ ಒಣಗಿಸುವ ಕಣದಲ್ಲಿ ಇಪ್ಪತ್ತು ನಿಮಿಷ ಕೈಕಾಲಿಗೆ ಬಿಸಿಲು ಬೀಳಲಿ. ಬೆಳಿಗ್ಗೆ ಏಳು ಗಂಟೆಯ ಎಳೆ ಬಿಸಿಲು ಹಿತವಾಗಿರುತ್ತದೆ, ಆದರೆ ಅದರಲ್ಲಿ ಈ ಕೆಲಸ ಆಗುವುದಿಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರಬೇಕು, ಅದೇ ಗುರುತು. ಮಳೆಗಾಲಕ್ಕೆ ಮುಂಚೆ ಒಮ್ಮೆ ವಿಟಮಿನ್ ಡಿ ರಕ್ತ ಪರೀಕ್ಷೆ ಮಾಡಿಸಿದರೆ ಒಳ್ಳೆಯದು. 20 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ. 60,000 ಯೂನಿಟ್ಟಿನ ಪುಡಿಯನ್ನು ಪಕ್ಕದ ಮನೆಯವರು ಹೇಳಿದರೆಂದು ತಿಂಗಳುಗಟ್ಟಲೆ ನುಂಗಬೇಡಿ. ಅದು ಮೈಯಲ್ಲಿ ಶೇಖರವಾಗುತ್ತದೆ, ಅತಿಯಾದರೆ ಕಿಡ್ನಿಗೆ ಹೊಡೆತ. ಎಷ್ಟು ವಾರ ಎಂದು ವೈದ್ಯರು ಬರೆದುಕೊಟ್ಟಷ್ಟೇ.

ಹೆಜ್ಜೆ 5: ಪ್ರೋಟೀನ್ ಮೂರೂ ಹೊತ್ತು ಇರಲಿ

ಕೊಡಗಿನವರಿಗೆ ಪ್ರೋಟೀನ್ ಕೊರತೆಯೇ ಎಂದು ನಗಬೇಡಿ. ಭಾನುವಾರ ಪಂದಿ, ಉಳಿದ ದಿನ ಬರೀ ಸಾರು ಇರುವ ಮನೆಗಳು ಬೇಕಾದಷ್ಟಿವೆ. ತೂಕದ ಪ್ರತಿ ಕಿಲೋಗೆ ದಿನಕ್ಕೆ ಕನಿಷ್ಠ 0.83 ಗ್ರಾಂ ಬೇಕು. 60 ಕಿಲೋ ಇದ್ದವರಿಗೆ 50 ಗ್ರಾಂ ಆಯಿತು. ವಯಸ್ಸಾದಂತೆ ಕಿಲೋಗೆ ಒಂದು ಗ್ರಾಂ ಅಥವಾ ಸ್ವಲ್ಪ ಮೇಲೆ ಇದ್ದರೆ ಸ್ನಾಯು ಉಳಿಯಲು ಸಹಾಯ. ಕಿಡ್ನಿ ತೊಂದರೆ ಇದ್ದವರು ಮಾತ್ರ ವೈದ್ಯರು ಹೇಳಿದಷ್ಟೇ ತಿನ್ನಬೇಕು.

ಸೋರುವುದು ಬೆಳಗಿನ ತಿಂಡಿಯಲ್ಲಿ. ಒಟ್ಟಿ, ತುಪ್ಪ, ಜೇನು. ತುಂಬ ರುಚಿ, ಆದರೆ ಪ್ರೋಟೀನ್ ಅಷ್ಟಕ್ಕಷ್ಟೇ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಇದೆ. ಎರಡು ಮೊಟ್ಟೆ ಹಾಕಿ. ಮೊಟ್ಟೆ ತಿನ್ನದವರು ಹೆಸರುಕಾಳು, ಕಡಲೆ, ಅಲಸಂಡೆ ಪಲ್ಯ ಮಾಡಿ. ಹುರುಳಿ 100 ಗ್ರಾಂನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್, ಜತೆಗೆ ಕ್ಯಾಲ್ಸಿಯಂ ಕೂಡ. ಆದರೆ ಹುರುಳಿ ಬಸಿದ ಸಾರಷ್ಟೇ ಕುಡಿದು ಕಾಳನ್ನು ದನಕ್ಕೆ ಹಾಕಿದರೆ ಸತ್ವವೆಲ್ಲ ದನಕ್ಕೇ ಹೋಯಿತು. ಕಾಳು ನೀವು ತಿನ್ನಿ. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಕೂಲಿಯ ದುಡ್ಡಿನಲ್ಲಿ ಸಂಸಾರ ನಡೆಸುವವರಿಗೂ ಮೊಟ್ಟೆ, ಹುರುಳಿ, ರಾಗಿ, ಮತ್ತಿ ಈ ನಾಲ್ಕು ಕೈಗೆಟುಕುವಂಥವು. ಪೌಷ್ಟಿಕ ಪುಡಿಯ ಡಬ್ಬಿಗೆ ಕೊಡುವ ದುಡ್ಡಿನಲ್ಲಿ ಎಷ್ಟೊಂದು ಮೊಟ್ಟೆ ಬರುತ್ತದೆ ಎಂದು ಲೆಕ್ಕ ಹಾಕಿ ನೋಡಿ.

ಇನ್ನು ಪಂದಿ ಕರಿ. ಬಿಡಬೇಕೇ? ಬೇಡ. ಒಳ್ಳೆಯ ಪ್ರೋಟೀನ್, ಕಬ್ಬಿಣ, ಬಿ12 ಎಲ್ಲ ಅದರಲ್ಲಿದೆ. ತೊಂದರೆ ಕೊಡುವುದು ಅದರ ನೆಣ. ಕೊಲೆಸ್ಟರಾಲ್ ಏರುವ ವಯಸ್ಸಿನಲ್ಲಿ ಅದು ವಾರಕ್ಕೆ ಒಂದು ಸಲ ಸಾಕು. ಮಾಂಸ ಕೊಳ್ಳುವಾಗಲೇ ನೆಣ ಕಡಿಮೆ ಇರುವ ಭಾಗ ಕೇಳಿ. ಬೇರೆ ಎಣ್ಣೆ ಹಾಕಬೇಡಿ, ತನ್ನ ನೆಣದಲ್ಲೇ ಬೇಯುತ್ತದೆ. ಹಿಂದಿನ ದಿನವೇ ಮಾಡಿ ಫ್ರಿಜ್ಜಿನಲ್ಲಿಟ್ಟರೆ ನೆಣ ಮೇಲೆ ಹೆಪ್ಪುಗಟ್ಟುತ್ತದೆ, ಚಮಚದಲ್ಲಿ ತೆಗೆದುಬಿಡಬಹುದು. ಮರುದಿನದ ಪಂದಿ ಕರಿಯೇ ರುಚಿ ಎಂದು ಹೇಗೂ ಎಲ್ಲರೂ ಒಪ್ಪುತ್ತಾರೆ. ಉಪ್ಪು ಹಿಡಿತದಲ್ಲಿರಲಿ, ಇಡೀ ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಟೀ ಚಮಚ.

ಬೈಂಬಳೆ (ಕಳಲೆ), ತೆರ್ಮೆ ತೊಪ್ಪು (ಜರೀಗಿಡದ ಎಳೆ ಸೊಪ್ಪು), ಕುಮ್ಮು (ಅಣಬೆ) ಇವನ್ನು ಹೊಟ್ಟೆ ತುಂಬಿಸಲು, ನಾರಿಗಾಗಿ ಧಾರಾಳವಾಗಿ ಬಳಸಿ. ಮಲಬದ್ಧತೆಗೆ, ಕೊಲೆಸ್ಟರಾಲಿಗೆ ನಾರು ಬೇಕೇ ಬೇಕು. ಬೈಂಬಳೆಯನ್ನು ಹೆಚ್ಚಿ ನೀರಿನಲ್ಲಿ ನೆನೆಸಿ, ದಿನವೂ ನೀರು ಬದಲಿಸಿ, ಬೇಯಿಸಿದ ನೀರನ್ನೂ ಚೆಲ್ಲಿ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇದೆ, ಹಿರಿಯರ ಈ ಕ್ರಮ ಸುಮ್ನೆ ಬಂದದ್ದಲ್ಲ. ಗುರುತಿಲ್ಲದ ಕುಮ್ಮನ್ನು ಮುಟ್ಟಬೇಡಿ.

ಬೆಣ್ಣೆಹಣ್ಣು ತೋಟದಲ್ಲಿದ್ದರೆ ಅರ್ಧ ಹಣ್ಣು ತಿನ್ನಿ. ಅದರ ಕೊಬ್ಬು ಒಳ್ಳೆಯದು. ಸಕ್ಕರೆ ಸುರಿದು ಜ್ಯೂಸ್ ಮಾಡಿದರೆ ಆ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಹೆಜ್ಜೆ 6: ಕಾಫಿ, ಸೆಕೆ, ನಿದ್ದೆ

ಕಾಫಿ ಬೆಳೆಯುವ ಊರಲ್ಲಿ ಕಾಫಿ ಕಡಿಮೆ ಮಾಡಿ ಎನ್ನುವುದು ಧೈರ್ಯದ ಕೆಲಸವೇ. ಆದರೂ ಹೇಳಬೇಕು. ರೊಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡು ಪಟ್ಟು ಕೆಫೀನ್ ಇದೆ. ಮನೆಯಲ್ಲಿ ಹುರಿದು ಪುಡಿ ಮಾಡಿದ್ದು ಯಾವುದು ಎಂದು ನೋಡಿಕೊಳ್ಳಿ. ರಾತ್ರಿ ಬೆವರಿ ಎದ್ದು ಕೂರುವವರು ಮಧ್ಯಾಹ್ನ ಎರಡರ ನಂತರ ಕಾಫಿ ನಿಲ್ಲಿಸಿ, ಎರಡು ವಾರ ನೋಡಿ. ವ್ಯತ್ಯಾಸ ಕಂಡರೆ ಹಾಗೇ ಮುಂದುವರಿಸಿ. ಕಾಣದಿದ್ದರೆ ಬೆಂಕಿ ಹತ್ತಿದಂತಾಗುವ ನಿಮ್ಮ ಸೆಕೆಗೆ ಕಾರಣ ಕಾಫಿಯಲ್ಲ, ಸಂಜೆಯ ಲೋಟ ವಾಪಸ್ ತೆಗೆದುಕೊಳ್ಳಿ. ದಿನಕ್ಕೆ ಎರಡು ಮೂರು ಲೋಟ ತೊಂದರೆ ಇಲ್ಲ. ಬೆಲ್ಲದ ಕಾಫಿಯಲ್ಲಿ ಬೆಲ್ಲವೂ ಸಕ್ಕರೆಯ ಲೆಕ್ಕಕ್ಕೇ ಬರುತ್ತದೆ, ಅದರಲ್ಲಿ ಬೇಕಾದಷ್ಟು ಕಬ್ಬಿಣ ಇದೆ ಎನ್ನುವುದನ್ನು ನಂಬಿ ಕೂರಬೇಡಿ.

ತುಂಬ ಖಾರ, ತುಂಬ ಬಿಸಿ ತಿಂದಾಗ ಕೆಲವರಿಗೆ ಸೆಕೆ ಏರುತ್ತದೆ. ಕರಿಮೆಣಸು ಎಲ್ಲರಿಗೂ ಆಗದು ಎಂದಲ್ಲ, ನಿಮಗೆ ಆಗುತ್ತದೆಯೇ ಎಂದು ನೀವೇ ನೋಡಿ. ಸೋಯಾ ತಿಂದರೆ ಸೆಕೆ ಮಾಯ ಎನ್ನುತ್ತಾರೆ. ಕೆಲವರಿಗೆ ಸ್ವಲ್ಪ ಗುಣ ಕಂಡಿದೆ, ದೊಡ್ಡ ಪವಾಡವೇನಿಲ್ಲ. ಪ್ರೋಟೀನಿಗಾಗಿ ತಿನ್ನಬಹುದು. ಸೆಕೆ ತಡೆಯಲಾರದಷ್ಟಾದರೆ ಅದಕ್ಕೆ ಔಷಧಿಗಳಿವೆ, ಹಲ್ಲು ಕಚ್ಚಿ ಸಹಿಸಿಕೊಳ್ಳಬೇಕಿಲ್ಲ.

ಮದ್ಯದ ಮಾತನ್ನು ಬೇರೆ ಊರಿನ ಲೇಖನಗಳು ಹೆಂಗಸರ ವಿಷಯದಲ್ಲಿ ಎತ್ತುವುದೇ ಇಲ್ಲ. ನಮ್ಮಲ್ಲಿ ಮದುವೆಮನೆಯಲ್ಲಿ ಹೆಂಗಸರೂ ಲೋಟ ಹಿಡಿಯುತ್ತಾರೆ, ಮನೆಯಲ್ಲೇ ವೈನ್ ಮಾಡುತ್ತಾರೆ. ಮುಚ್ಚಿಡುವುದೇನಿದೆ? ಆದರೆ ಮದ್ಯದಿಂದ ಸೆಕೆ ಏರಬಹುದು, ನಿದ್ದೆ ಕೆಡುತ್ತದೆ, ಹೆಚ್ಚಾದರೆ ಮೂಳೆ ಸವೆಯುತ್ತದೆ, ಸ್ತನ ಕ್ಯಾನ್ಸರಿನ ಅಪಾಯವೂ ಹೆಚ್ಚುತ್ತದೆ. ಮನೆಯ ವೈನ್‌ಗೂ ಇದರಿಂದ ವಿನಾಯಿತಿ ಇಲ್ಲ. ಏಪ್ರಿಲ್, ಮೇ ಫಂಕ್ಷನ್ ಕಾಲದಲ್ಲಿ ವಾರಕ್ಕೆ ಮೂರು ಮದುವೆ ಇದ್ದರೆ ಮೂರಕ್ಕೂ ಲೋಟ ಎತ್ತಬೇಕೆಂದಿಲ್ಲ. ಊಟಕ್ಕೆ ಮುಂಚಿನ ಕರಿದ ತಿಂಡಿಗೂ ಇದೇ ಮಾತು.

ಹೆಜ್ಜೆ 7: ರಕ್ತ ಮತ್ತು ನೀರು

ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಸುರಿಯುವ ರಕ್ತದಿಂದ ಕಬ್ಬಿಣ ಬಸಿದುಹೋಗುತ್ತದೆ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಮಾಂಸ, ಸೊಪ್ಪು, ಕಾಳು ತಿನ್ನುವಾಗ ಜತೆಗೆ ನಿಂಬೆ, ನೆಲ್ಲಿ, ಸೀಬೆ, ಕಾಲ ಬಂದಾಗ ಕೊಡಗಿನ ಕಿತ್ತಳೆ ಇರಲಿ. ಊಟದ ಬೆನ್ನಿಗೇ ಕಾಫಿ, ಟೀ ಬೇಡ. ಒಂದು ಗಂಟೆ ಬಿಡಿ.

ಕಾಫಿ ಕುಯಿಲಿನ ತಿಂಗಳುಗಳಲ್ಲಿ ತೋಟದಲ್ಲಿ ಶೌಚಾಲಯ ಇಲ್ಲವೆಂದು ನೀರನ್ನೇ ಕುಡಿಯದ ಹೆಂಗಸರಿದ್ದಾರೆ. ಈ ವಯಸ್ಸಿನಲ್ಲಿ ಉರಿಮೂತ್ರ ಮೊದಲೇ ಬೇಗ ಬರುತ್ತದೆ, ನೀರು ಬಿಟ್ಟರೆ ಇನ್ನೂ ಬೇಗ. ತೋಟದ ಮಾಲೀಕರು ಇದನ್ನು ಓದುತ್ತಿದ್ದರೆ, ದಯವಿಟ್ಟು ಒಂದು ಶೌಚಾಲಯ ಕಟ್ಟಿಸಿ.

ಹೆಜ್ಜೆ 8: ಮೂಳೆಗೆ ಭಾರ ಕೊಡಿ

ಊಟ ಒಂದರಿಂದಲೇ ಸ್ನಾಯು ನಿಲ್ಲುವುದಿಲ್ಲ. ಏರು ದಾರಿಯಲ್ಲಿ ಅರ್ಧ ಗಂಟೆ ನಡೆಯಿರಿ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರಿ. ಮಂಡಿ ನೋವಿದ್ದರೆ ಎತ್ತರದ ಕುರ್ಚಿ ಹಿಡಿಯಿರಿ. ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದ್ದರೆ ತೂಕದ ಯಂತ್ರಕ್ಕಿಂತ ಆ ಟೇಪನ್ನೇ ನಂಬಿ.

ಹೆಜ್ಜೆ 9: ಪರೀಕ್ಷೆ ಮತ್ತು ಮಾತ್ರೆ

ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ, ಕೊಲೆಸ್ಟರಾಲ್, ಹಿಮೋಗ್ಲೋಬಿನ್ ನೋಡಿಸಿ. ಥೈರಾಯ್ಡನ್ನೂ ಒಮ್ಮೆ ನೋಡಿಸಿ, ಅದರ ಲಕ್ಷಣಗಳೂ ಇದೇ ಥರ ಇರುತ್ತವೆ. ಸುಮ್ನೆ ಜಾರಿ ಬಿದ್ದು ಮಣಿಕಟ್ಟು ಮುರಿದಿದ್ದರೆ ಮೂಳೆ ಸಾಂದ್ರತೆಯ ಡೆಕ್ಸಾ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಆಟಿ ತಿಂಗಳ 18ರಂದು ಮದ್ದು ಸೊಪ್ಪಿನ ಪಾಯಸ ತಿಂದ ಮೇಲೆ ಮೂತ್ರ ಕೆಂಪಾಗುವುದು ನಮಗೆಲ್ಲ ಗೊತ್ತಿದ್ದದ್ದೇ, ಅದಕ್ಕೆ ಹೆದರಬೇಕಿಲ್ಲ. ಆದರೆ ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಅದೇ ವಾರ ವೈದ್ಯರ ಬಳಿ ಹೋಗಿ. ಗರ್ಭಕೋಶದ ಕ್ಯಾನ್ಸರಿನ ಮೊದಲ ಸುಳಿವು ಹಾಗೆ ಬರಬಹುದು.

ಕ್ಯಾಲ್ಸಿಯಂ ಮಾತ್ರೆ ಊಟದಲ್ಲಿ ಕಡಿಮೆ ಬಿದ್ದದ್ದನ್ನು ತುಂಬಲು ಮಾತ್ರ. ಒಂದು ಸಲಕ್ಕೆ 500 ಮಿಲಿಗ್ರಾಂಗಿಂತ ಜಾಸ್ತಿ ಬೇಡ, ಕಾರ್ಬೊನೇಟ್ ಆದರೆ ಊಟದ ಜತೆ. ಕಬ್ಬಿಣದ ಮಾತ್ರೆಯನ್ನು ಅದರ ಜತೆ ನುಂಗಬೇಡಿ, ಒಂದು ಬೆಳಿಗ್ಗೆ ಇದ್ದರೆ ಇನ್ನೊಂದು ರಾತ್ರಿ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಎದ್ದ ಕೂಡಲೇ ಬರೀ ನೀರಿನಲ್ಲಿ ನುಂಗಿ. ಕಾಫಿ ಅರ್ಧದಿಂದ ಒಂದು ಗಂಟೆ ಕಾಯಲಿ. ಕ್ಯಾಲ್ಸಿಯಂ, ಕಬ್ಬಿಣ ಎರಡಕ್ಕೂ ಅದರ ನಂತರ ನಾಲ್ಕು ಗಂಟೆ ಅಂತರ ಇರಲಿ.